ಬೆಟ್ಟಮ್ಮನ ಮನೆ ಚಿಲಕ

ನನ್ನ ಗಂಡನ ಅಕ್ಕ ಬೆಟ್ಟಮ್ಮನಿಗೆ ಭಯ ಅನ್ನೋದೇ ಇಲ್ಲವಂತೆ. ಹೇಳಿದವರು ಬೇರೆ ಯಾರೂ ಅಲ್ಲ, ಅವಳೇ. ನಾನು ಈ ಮನೆಗೆ ಬಂದು ಒಂಬತ್ತು ವರ್ಷ, ಅವತ್ತಿಂದ ಕೇಳುತ್ತಿದ್ದೇನೆ. ಹಾವು ಬಂದರೆ ಬಾಲ ಹಿಡಿದು ಎಸೆದಳಂತೆ. ಕಳ್ಳ ಬಂದರೆ ಒನಕೆ ಎತ್ತಿದಳಂತೆ. ಆ ಹಾವನ್ನೂ ಕಳ್ಳನನ್ನೂ ಅವಳ ಗಂಡ ಶಿವಲಿಂಗಯ್ಯ ನೋಡಿಲ್ಲ. ಕೇಳಿದರೆ ತಲೆ ಆಡಿಸುತ್ತಾನೆ. ಆ ಮನೆಯಲ್ಲಿ ಅವನಿಗಿರುವ ಕೆಲಸ ಅದೊಂದೇ.

ಅವಳನ್ನು ಕೊಟ್ಟಿರುವುದು ಅಕ್ಕಿಹೆಬ್ಬಾಳಿಗೆ. ತವರು ನಮ್ಮ ಸಿಂಧಘಟ್ಟ. ವರ್ಷಕ್ಕೆ ಮೂರು ಸಲ ಬರುತ್ತಾಳೆ. ಬಂದಾಗೆಲ್ಲ ಒಂದು ತಪ್ಪು ಹುಡುಕಿಕೊಂಡೇ ಹೋಗುತ್ತಾಳೆ. ಸಾರಿಗೆ ಹುಣಸೆಹಣ್ಣು ಜಾಸ್ತಿ. ಕೊಟ್ಟಿಗೆ ಗುಡಿಸಿಲ್ಲ. ಕಬ್ಬಿನ ಟ್ರಾಕ್ಟರು ಮಗುಚಿ ನಮ್ಮನೆಯವರು ಹೋದಾಗ ಅವಳು ಅತ್ತ ಅಳು ಮೂರೂರಿಗೆ ಕೇಳಿಸಿರಬೇಕು. ಮಣ್ಣು ಮಾಡಿ ಬಂದ ಮೇಲೆ ಕಣ್ಣೊರೆಸಿಕೊಂಡು, ಟೀಗೆ ಸಕ್ಕರೆ ಸಾಲದು ಅಂದಳು. ನನಗೆ ಅವತ್ತು ಅಳು ಬರಲಿಲ್ಲ. ಅದನ್ನೂ ಊರಿಗೆಲ್ಲ ಹೇಳಿಕೊಂಡು ಬಂದಳು.

ಏಳು ತಿಂಗಳು ಕಳೆದು, ಏಪ್ರಿಲ್‌ನಲ್ಲಿ ಮತ್ತೆ ಬಂದಳು. ಈ ಸಲ ತಪ್ಪು ಹುಡುಕಲಿಲ್ಲ. ಅಕ್ಕಪಕ್ಕದ ಹೆಂಗಸರೆಲ್ಲ ಜಗುಲಿ ಮೇಲೆ ಕೂತಿರುವ ಹೊತ್ತು ನೋಡಿ, ನನ್ನ ಮಾವ ಬೋರಯ್ಯನವರ ಹತ್ತಿರ ಬಾಯಿ ತೆಗೆದಳು.

"ಅಪ್ಪೋ, ಕೂಸು ತನು ನನ್ತಾವ ಇರ್ಲಿ. ನಮ್ಮೂರ್ಗೆ ಕಾನ್ವೆಂಟ್ ವ್ಯಾನು ಬತ್ತದೆ. ಇವ್ಳು ಏನ್ ಓದ್ಸಾಳು? ಇವ್ಳು ಓದಿರೋದೇ ಐದ್ನೇ ಕ್ಲಾಸು."

"ಆರನೇದು," ಅಂದೆ.

"ಆರೋ ಏಳೋ. ನಂಗೂ ಎಣ್ಮಕ್ಕಳಿಲ್ಲ. ನನ್ ತಮ್ಮನ ಕೂಸು ನಂಗೆ ಬ್ಯಾರೆಯಾ?"

ಹೆಂಗಸರೆಲ್ಲ, ಎಂತಾ ಮನ್ಸು ಬೆಟ್ಟಮ್ಮಂದು ಅಂದರು. ಅವಳಿಗೆ ಬೇಕಾಗಿದ್ದುದು ಕೂಸಲ್ಲ, ಆ ಮಾತು. ಸೆರಗು ಸರಿ ಮಾಡಿಕೊಂಡು ಇನ್ನೊಂದು ಸಲ ಹೇಳಿಸಿಕೊಂಡಳು.

ಮಾವ ಎಲೆ ಅಡಿಕೆ ಉಗಿದು ಬಂದರು. "ಒಂದ್ ರಾತ್ರಿ ಕರ್ಕಂಡೋಗು. ಕೂಸು ಅಲ್ಗೆ ಒಂದ್ಕಂಡ್ರೆ ಜೂನಿಂದ ಅಲ್ಲೇ ಓದ್ಲಿ. ಇಲ್ದಿದ್ರೆ ಇಲ್ಲ," ಅಂದರು.

ಮನೆ ಅವರದು, ಹೊಲ ಅವರದು. ಒಳಗೆ ಹೋಗಿ ಕೂಸಿನ ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿದೆ. ನನಗೆ ಉಳಿದಿರುವುದು ಅವಳೊಬ್ಬಳೇ.

ತನುಶ್ರೀಗೆ ಐದು ತುಂಬಿ ಆರಕ್ಕೆ ಬಿದ್ದಿದೆ. ನನ್ನ ಪಕ್ಕ ಬಿಟ್ಟು ಇನ್ನೆಲ್ಲೂ ಮಲಗಿದವಳಲ್ಲ. ಅಳುತ್ತಾಳೆ, ರಚ್ಚೆ ಹಿಡಿಯುತ್ತಾಳೆ, ಹೋಗಲ್ಲ ಅನ್ನುತ್ತಾಳೆ ಅಂತ ಕಾದೆ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ತಿರುಗಿ ಕೂಡ ನೋಡಲಿಲ್ಲ.

ಒಂದು ಮಾತು ನಾನು ಬೆಟ್ಟಮ್ಮನಿಗೆ ಹೇಳಬೇಕಿತ್ತು. ಹೇಳಲಿಲ್ಲ. ನೆನಪಾಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ನಮ್ಮ ಮನೆಯಲ್ಲಿ ರಾತ್ರಿ ಚಿಲಕ ಹಾಕುವುದಿಲ್ಲ. ನಮ್ಮನೆಯವರು ಕಬ್ಬು ತುಂಬಿಕೊಂಡು ಫ್ಯಾಕ್ಟರಿಗೆ ಹೋದರೆ, ಅಲ್ಲಿ ಸಾಲು ನಿಂತು, ಇಳಿಸಿ, ವಾಪಸ್ಸು ಬರುವುದು ಯಾವ ಹೊತ್ತೋ. ಒಂದು ಸಲ ಬಾಗಿಲು ಬಡಿದೂ ಬಡಿದೂ ನಾವ್ಯಾರೂ ಏಳದೆ, ಟ್ರಾಕ್ಟರಿನ ಮೇಲೇ ಮಲಗಿ ಮೈಯೆಲ್ಲ ನೆನೆದು ಎದ್ದರು. ಅವತ್ತು ತನು ಅತ್ತಿದ್ದು ಅಷ್ಟಿಷ್ಟಲ್ಲ. ಅಲ್ಲಿಂದಾಚೆಗೆ ಮಲಗುವ ಮುಂಚೆ ಅವಳೇ ಹೋಗಿ ಚಿಲಕ ತೆಗೆದು ಬರುತ್ತಿದ್ದಳು, ಅಪ್ಪನಿಗೆ ಅಂತ. ಅವತ್ತಿಂದ ಮಾವ ಜಗುಲಿ ಮೇಲೇ ಮಲಗುತ್ತಾರೆ, ಕಳ್ಳರ ಚಿಂತೆ ಇಲ್ಲ. ಅಪ್ಪ ಹೋದ ಮೇಲೂ ದಿನಾ ತೆಗೆಯುತ್ತಾಳೆ. ಬೇಡ ಅನ್ನಲು ನನಗೆ ಬಾಯಿ ಬಂದಿಲ್ಲ.

ಮಾರನೆ ದಿನ ಸಂಜೆಗೆ ತಂದು ಬಿಡ್ತೀನಿ ಅಂದಿದ್ದವಳು ಬೆಳಗ್ಗೆಯೇ ಬಂದಳು. ಶಿವಲಿಂಗಯ್ಯನ ಬೈಕು. ನಡುವೆ ತನು. ಹಣೆ ತುಂಬ ವಿಭೂತಿ, ಕೊರಳಲ್ಲಿ ಎರಡು ತಾಯತ. ಬೆಟ್ಟಮ್ಮನ ತಲೆ ಕೆದರಿತ್ತು. ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ಗಂಡನದು.

"ಸತ್ತೋದ ನನ್ ತಮ್ಮ ಸಂತೋಷ ಬಂದಿದ್ದ ಕಣಪ್ಪೋ!" ಅಂತ ಅಂಗಳದಲ್ಲೇ ಕೂತಳು. "ನಾನೇ ಚಿಲಕ ಆಕಿದ್ದೆ, ಈ ಕೈಯಲ್ಲೇ. ಒಂದ್ ನಿದ್ದೆ ಆಗಿ ನೋಡ್ತೀನಿ, ಬಾಗ್ಲು ತೆರ್ಕಂಡದೆ. ಮತ್ತೆ ಆಕ್ದೆ. ಕೋಳಿ ಕೂಗೋ ಒತ್ಗೆ ನೋಡ್ತೀನಿ, ಮತ್ತೆ ತೆರ್ಕಂಡದೆ! ಕೂಸಿನ ಇಂದೇ ಬಂದವ್ನೆ. ಬಾಗ್ಲ ತಾವ ಸ್ಟೂಲು ಬ್ಯಾರೆ ಎಳ್ಕಂಡು ಕುಂತವ್ನೆ!"

ದೆವ್ವಕ್ಕೆ ಸ್ಟೂಲು ಯಾಕೆ ಬೇಕು ಅಂತ ಆ ತಲೆಗೆ ಹೊಳೆಯಲಿಲ್ಲ. ಚಿಲಕ ಎಟುಕದ ಕೂಸಿಗೆ ಬೇಕು ಅಂತಲೂ ಹೊಳೆಯಲಿಲ್ಲ.

"ಅಣ್ಣ, ನೀವೂ ನೋಡಿದ್ರಾ?" ಅಂತ ಶಿವಲಿಂಗಯ್ಯನನ್ನು ಕೇಳಿದೆ. ತಲೆ ಆಡಿಸಿದ. ಹೌದೋ ಇಲ್ಲವೋ ಗೊತ್ತಾಗಲಿಲ್ಲ.

"ಅವ್ರೇನ್ ನೋಡ್ತಾರೆ, ಕಂಬ್ಳಿ ಮೊಕಕ್ಕೆ ಎಳ್ಕಂಡಿದ್ರು."

"ನೀವು ಎಲ್ಲಿದ್ರಿ ಅತ್ತಿಗೆ?"

"ನಾನು ದೇವ್ರ ಮನೇಲಿ ಕುಂತಿದ್ದೆ. ಬಾಗ್ಲು ಆಕ್ಕಂಡು."

ಭಯವೇ ಇಲ್ಲದವಳು ಬೆಳಕು ಹರಿಯುವ ತನಕ ದೇವರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಕೂಸು ನಡುಮನೆಯಲ್ಲಿ ಒಂದೇ ಮಲಗಿತ್ತು. ದೆವ್ವ ಬಂದಿದೆ ಅಂತ ನಂಬಿದವಳು, ಕೂಸನ್ನು ಅದರ ಮುಂದೆ ಬಿಟ್ಟು ಒಳಗೆ ಸೇರಿಕೊಂಡಳು. ಇಂಥವಳ ಕೈಗೆ ನಾನು ನನ್ನ ಮಗಳನ್ನು ಕೊಡಬೇಕಿತ್ತಂತೆ.

"ಮಂತ್ರ ಆಕೋ ಮಂಚಯ್ಯನ್ನ ಎಬ್ಬರ್ಸಿ ತಾಯ್ತ ಕಟ್ಟಿಸ್ದೆ. ಬಾಗ್ಲಿಗೆ ನನ್ನ ಚಪ್ಲಿ, ಪೊರಕೆ ಕಟ್ಬುಟ್ಟು ಬಂದಿವ್ನಿ. ಎಲ್ಲಾ ಇವ್ಳಿಂದ! ತಿಥಿ ದಿನ ಎಡೆಗೆ ಕೋಳಿ ಇಕ್ಕುದ್ಲು, ಮಟನ್ ಇಕ್ನಿಲ್ಲ. ಅದ್ಕೇ ಅಲೀತಾವ್ನೆ."

ಅಷ್ಟರಲ್ಲಿ ತನು ನನ್ನ ಸೀರೆ ಜಗ್ಗಿದಳು. "ಅವ್ವ, ಚಿಲಕ ನಾನೇ..."

ಜಗುಲಿ ಗೋಡೆಯ ಗೂಡಿನಲ್ಲಿದ್ದ ಬೆಲ್ಲದ ಅಚ್ಚು ಮುರಿದು ಅವಳ ಬಾಯಿಗೆ ಇಟ್ಟೆ.

ಹೇಳಿಬಿಟ್ಟಿದ್ದರೆ ನನ್ನ ಗಂಡ ದೆವ್ವ ಆಗುತ್ತಿರಲಿಲ್ಲ. ಬೆಟ್ಟಮ್ಮ ನಕ್ಕು, ಒಂದು ಲೋಟ ಟೀ ಕುಡಿದು, ಹಾವಿನ ಕತೆ ಇನ್ನೊಂದು ಸಲ ಹೇಳಿ, ಜೂನ್‌ನಲ್ಲಿ ಕೂಸನ್ನು ಕರೆದುಕೊಂಡು ಹೋಗುತ್ತಿದ್ದಳು. ಬೆಲ್ಲ ದೊಡ್ಡ ತುಂಡು. ಕರಗುವುದಕ್ಕೆ ಹೊತ್ತು ಬೇಕು.

"ಕೂಸು ನಿನ್ತಾವೇ ಇರ್ಲಿ ಕಣಮ್ಮಿ," ಅಂದಳು. "ನಮ್ದು ಗಂಡುಮಕ್ಳಿರೋ ಮನೆ."

"ಜೂನ್‌ಗೆ ಕಾನ್ವೆಂಟು ಅಂದಿದ್ರಿ ಅತ್ತಿಗೆ."

"ಜೂನೂ ಬ್ಯಾಡ, ಜುಲೈನೂ ಬ್ಯಾಡ. ಏನ್ರೀ, ಗಾಡಿ ತೆಗೀರೀ!"

ಊಟಕ್ಕೆ ನಿಲ್ಲಲಿಲ್ಲ. ಒಂಬತ್ತು ವರ್ಷದಲ್ಲಿ ಅದೇ ಮೊದಲು.

ಒಡಹುಟ್ಟಿದ ತಮ್ಮ ಬಾಗಿಲಿಗೆ ಬಂದಿದ್ದಾನೆ ಅಂತ ನಿಜವಾಗಿ ನಂಬಿದಳಲ್ಲ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ನಂಬಿ ಏನು ಮಾಡಿದಳು? ಬಾರಪ್ಪ ಅನ್ನಲಿಲ್ಲ. ಚಪ್ಪಲಿ ಕಟ್ಟಿದಳು. ಮಣ್ಣಿಗೆ ಹೋದ ದಿನ ಎದೆ ಬಡಿದುಕೊಂಡವಳು ಇವಳೇ. ನನಗೆ ಒಂದೇ ಒಂದು ಸಲ ಅವರು ಬಂದು ಬಾಗಿಲು ಬಡಿದರೆ ಸಾಕು.

ಬೈಕು ಹೋದ ಮೇಲೆ ತನುವನ್ನು ಕೂರಿಸಿಕೊಂಡು ಕೇಳಿದೆ. "ಹೆದ್ರಿಕೆ ಆಯ್ತಾ ಮಗ?"

"ಇಲ್ಲ. ಅತ್ತೆ ಅಳ್ತಿತ್ತು. ನಾನು ಮಲಿಕ್ಕಂಡೆ." ಬೆಲ್ಲ ಇನ್ನೂ ಬಾಯಲ್ಲಿತ್ತು. "ನಾನ್ ತೆಗೀತಿದ್ದೆ, ಅತ್ತೆ ಆಕ್ತಿತ್ತು. ಅವ್ವ, ನಾನು ಅಲ್ಲಿವ್ನಿ ಅಂತ ಅಪ್ಪಂಗೆ ಯಾರ್ ಹೇಳ್ದ್ರು? ಯಾರೂ ಹೇಳ್ನಿಲ್ಲ. ಅದ್ಕೇ ಅಪ್ಪ ಬರ್ನಿಲ್ಲ."

ಮುಖದ ವಿಭೂತಿ ಒರೆಸಿದೆ.

ಮಾವ ಬಾಗಿಲಲ್ಲಿ ನಿಂತಿದ್ದರು. ದಿನಾ ರಾತ್ರಿ ಚಿಲಕದ ಸದ್ದು ಅವರ ತಲೆ ಹತ್ತಿರವೇ ಆಗುತ್ತದೆ. ಅವರಿಗೆ ಮೊದಲೇ ಗೊತ್ತಾಗಿತ್ತು.

"ನನ್ ಮಗನ್ನ ದೆವ್ವ ಮಾಡ್ಬುಟ್ಯಲ್ಲಮ್ಮಿ," ಅಂದರು.

"ನಾನಲ್ಲ ಮಾವ. ನಿಮ್ಮ ಮಗಳು."

ಅವರು ನಗಲಿಲ್ಲ, ಬೈಯಲೂ ಇಲ್ಲ. ಬಂದು ಕೂಸಿನ ಕೊರಳಿಂದ ತಾಯತ ಎರಡೂ ಬಿಚ್ಚಿ ತಿಪ್ಪೆಗೆ ಎಸೆದರು. "ಊರ್ ಸ್ಕೂಲ್ಗೇ ಸೇರ್ಸು," ಅಂದು ಹಸುವಿಗೆ ನೀರು ತೋರಿಸಲು ಹೋದರು.

ಈಗ ತನು ಒಂದನೇ ಕ್ಲಾಸು. ಬೆಟ್ಟಮ್ಮ ಅವತ್ತಿಂದ ಈ ಕಡೆ ತಲೆ ಹಾಕಿಲ್ಲ. ಬಾಯಿ ಮಾತ್ರ ಊರೂರಿಗೆ ಹಾಕಿದ್ದಾಳೆ. ಮೊನ್ನೆ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಹತ್ತಿರ ಬಂದು, "ನಿಮ್ ಯಜಮಾನ್ರು ರಾತ್ರಿ ಬತ್ತಾರಂತಲ್ಲ, ನಿಜ್ವಾ?" ಅಂದಳು.

"ಹೂಂ, ಬತ್ತಾರೆ," ಅಂದೆ. ಎದ್ದು ಬೇರೆ ಬೆಂಚಿಗೆ ಹೋದಳು.

ಇದ್ದಾಗ ಕೂಸಿಗೆ ಅಂತ ಹಗಲು ರಾತ್ರಿ ದುಡಿದವರು. ಸತ್ತ ಮೇಲೆ ಇದೊಂದು ಕೆಲಸ ಮಾಡಿಕೊಟ್ಟರು.