ಅವಳು ಮಲಗಿಸಿ ಹೋದ ಕಂಪ್ಯೂಟರು

ನಿದ್ದೆಗೆ ಜಾರಿ ಏಳಲೊಲ್ಲದ ಕಂಪ್ಯೂಟರುಗಳನ್ನು ಎಬ್ಬಿಸುವುದರಲ್ಲಿ ಅವನದು ಎತ್ತಿದ ಕೈ. ಬೀದಿಯವರು ಅವನಿಗೆ ‘ಕುಂಭಕರ್ಣನ ಡಾಕ್ಟರು’ ಎಂದೇ ಹೆಸರಿಟ್ಟಿದ್ದರು. ರಿಪೇರಿ ಅಂಗಡಿಗೆ ಬಂದವರಿಗೆಲ್ಲ ಅವನು ಹೇಳುತ್ತಿದ್ದ ಬುದ್ಧಿವಾದ ಒಂದೇ: ಕೆಲಸ ಮುಗಿದ ಮೇಲೆ ಪೂರ್ತಿ ಆಫ್ ಮಾಡಿ. ಆ ಮಾತನ್ನು ಕಿವಿಗೇ ಹಾಕಿಕೊಳ್ಳದವಳು ಅವನ ಹೆಂಡತಿ.

ಅವಳು ಹೊಲಿಗೆ ಕಲಿಸುತ್ತಿದ್ದಳು. ಕಲಿಯಲು ಬರುವವರಿಗಾಗಿ ಒಂದು ಪುಸ್ತಕ ಬರೆಯುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾದರೂ ಕಂಪ್ಯೂಟರನ್ನು ‘ಸ್ಲೀಪ್’ ಒತ್ತಿ ಮಲಗಿಸಿ ಏಳುವಳೇ ಹೊರತು ಆರಿಸಿದವಳಲ್ಲ.

“ಆಫ್ ಮಾಡಿದ್ರೆ ಎಲ್ಲಿದ್ದೆ ಅಂತ ಮತ್ತೆ ಹುಡುಕ್ಬೇಕು ಕಣ್ರೀ. ನಿಮ್ಮ ಬೋರ್ಡಿಗೆ ಏನೋ ರೋಗ. ಒಂದೊಂದ್ಸಲ ಎದ್ರೂ ಕಣ್ಣೇ ಬಿಡಲ್ಲ. ಮೊದ್ಲು ಅದನ್ನ ನೋಡಿ.”

“ಭಾನುವಾರ ನೋಡ್ತೀನಿ.”

ರೋಗ ಯಾವುದೆಂದು ಅವನಿಗೆ ಗೊತ್ತಿತ್ತು. ಮದರ್‌ಬೋರ್ಡಿನೊಳಗೆ ಬರೆದಿಟ್ಟ ಬಯೋಸ್, ಅಂದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ, ಹಳೆಯದಾಗಿತ್ತು; ಹೊಸದನ್ನು ತುಂಬಿದರೆ ಸರಿಹೋಗುವಂಥದು. ಆದರೆ ದೀಪದ ಬುಡ ಎಂದಿಗೂ ಕತ್ತಲೆಯೇ. ಆ ಭಾನುವಾರ ಬರುವ ಮೊದಲೇ, ಆಸ್ಪತ್ರೆಗೆ ಹೋದ ಅವಳು ಮರಳಲಿಲ್ಲ.

ಕಂಪ್ಯೂಟರು ಅವಳು ಮಲಗಿಸಿದಂತೆಯೇ ಉಳಿಯಿತು. ಅದರ ಪುಟ್ಟ ದೀಪ ಉಸಿರಾಡುವಂತೆ ಮಿನುಗುತ್ತಿತ್ತು. ಅವಳು ಬಿಟ್ಟೆದ್ದ ಪುಟ, ಅವಳ ಕರ್ಸರು ನಿಂತ ಜಾಗ, ಎಲ್ಲವೂ ಮೆಮೊರಿಯಲ್ಲಿ ಹಾಗೇ ಇವೆ ಎಂಬುದನ್ನು ಅವನು ಬಲ್ಲ. ಕರೆಂಟು ಇರುವವರೆಗೆ ಮಾತ್ರ ಇರುತ್ತವೆ ಎಂಬುದನ್ನೂ ಬಲ್ಲ. ದಿನವೂ ಧೂಳು ಒರೆಸುತ್ತಿದ್ದ, ಕೀಲಿಮಣೆಗೆ ಕೈ ತಾಗದಂತೆ.

ಒಂದು ಬೆಳಿಗ್ಗೆ ಮಗಳು ಹೊರಗಿನಿಂದ ಬಂದವಳೇ ಹೇಳಿದಳು: “ಅಪ್ಪಾ, ಇವತ್ತು ಕಂಬ ಬದಲಾಯಿಸ್ತಾರಂತೆ. ಸಂಜೆವರೆಗೂ ಕರೆಂಟಿಲ್ಲ.”

ಯುಪಿಎಸ್ ಅಷ್ಟು ಹೊತ್ತು ತಾಳುವಂತಿರಲಿಲ್ಲ.

“ಎಬ್ಬಿಸಪ್ಪಾ. ಊರವರದ್ದನ್ನೆಲ್ಲ ಎಬ್ಬಿಸ್ತೀಯ.”

“ಕಣ್ಣು ಬಿಡದೇ ಹೋದ್ರೆ?”

“ಸುಮ್ನೆ ಬಿಟ್ರೂ ಹೋಗುತ್ತಲ್ಲ.”

ಅವನು ಒಂದು ಕೀಲಿ ಒತ್ತಿದ. ಫ್ಯಾನು ಗುರ್ರೆಂದಿತು, ಪರದೆ ಮಾತ್ರ ಕಪ್ಪು. ಅದೇ ರೋಗ. ಇಂಥ ಹೊತ್ತಿನಲ್ಲಿ ಎಲ್ಲರೂ ಪವರ್ ಗುಂಡಿಯನ್ನು ಒತ್ತಿ ಹಿಡಿಯುತ್ತಾರೆ. ಅವನ ಬೆರಳೂ ಅತ್ತ ಹೋಗಿ, ಕೆಂಡ ಮುಟ್ಟಿದಂತೆ ಹಿಂದೆ ಬಂತು. ಹಾಗೆ ಮಾಡಿದರೆ ಎಲ್ಲ ಅಳಿಸಿಹೋದಂತೆಯೇ. ಮಾನಿಟರಿನ ಕೇಬಲ್ಲನ್ನು ಕಿತ್ತು ಮತ್ತೆ ಸಿಕ್ಕಿಸಿದ, ಏನೂ ಕಾಣಲಿಲ್ಲ. ಕ್ಯಾಪ್ಸ್ ಲಾಕ್ ಒತ್ತಿದ. ಕೀಲಿಮಣೆಯ ಮೇಲೆ ಹಸಿರು ಚುಕ್ಕೆ ಹೊತ್ತಿಕೊಂಡಿತು.

“ಒಳಗೆ ಎಚ್ಚರ ಇದೆ ಮಗಳೇ. ಕಾಣ್ತಿಲ್ಲ ಅಷ್ಟೇ.”

“ಪಾಸ್‌ವರ್ಡ್ ಕೇಳ್ತಿದ್ರೆ?”

“ಇಲ್ಲ. ‘ಈ ಮನೇಲಿ ನಿಮ್ಮನ್ನ ಬಿಟ್ರೆ ಇನ್ಯಾರ್ರೀ ಕಳ್ಳರು’ ಅಂತ ನಿಮ್ಮಮ್ಮ ಇಟ್ಟೇ ಇರ್ಲಿಲ್ಲ.”

ಕುರುಡನು ಪರಿಚಿತ ಮುಖವನ್ನು ತಡವುವಂತೆ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ, ಕಾಣದ ಪುಟವನ್ನು ಸೇವ್ ಮಾಡಿದ. ಡಿಸ್ಕಿನ ದೀಪ ಒಮ್ಮೆ ಪಟಪಟನೆ ಮಿಡಿದು ಸುಮ್ಮನಾಯಿತು. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿತು. ಆಗ ಅವನೇ, ಇಷ್ಟು ದಿನ ಮುಟ್ಟದ ಗುಂಡಿಯನ್ನು ಒತ್ತಿ ಹಿಡಿದ. ಪುಟ್ಟ ದೀಪ ಆರಿತು.

ಸಂಜೆ ಕರೆಂಟು ಬಂದ ಮೇಲೆ ಹೊಸ ಬಯೋಸ್ ತುಂಬಿದ. ಒಮ್ಮೆ ಮಲಗಿಸಿ, ಮುಟ್ಟಿ ನೋಡಿದ; ತಟ್ಟನೆ ಎದ್ದಿತು. ಚಹಾ ಆರುವಷ್ಟೂ ಹೊತ್ತು ಹಿಡಿಯದ ಕೆಲಸ.

ಕಡತ ತೆರೆಯಿತು. ಮಗಳು ಸರಸರನೆ ಪುಟ ಸರಿಸಿ, “ತೋಳಿನ ಪಾಠ ಇದೆ ಅಪ್ಪಾ! ಆಸ್ಪತ್ರೆಗೆ ಹೋಗೋ ದಿನ ಇದನ್ನೇ ಬರೀತಿದ್ದಿದ್ದು” ಎಂದು ಕಣ್ಣೊರೆಸಿಕೊಂಡಳು. ಅವನು ಮಾತ್ರ ಪುಟಗಳನ್ನು ಮತ್ತೆ ಮೇಲಕ್ಕೆ ತಂದ. ಕರ್ಸರು ಮೊದಲ ಪುಟದ ಮೊದಲ ಅಕ್ಷರದ ಮುಂದೆ ಮಿಣುಕುತ್ತಿತ್ತು.

“ಎಲ್ಲಿ ನಿಂತಿದ್ಲು ಅಂತ ಗೊತ್ತಾಗ್ಲಿಲ್ಲ.”

“ಕೊನೇಲಿ ಇರುತ್ತಲ್ಲಪ್ಪಾ.”

“ನಿಮ್ಮಮ್ಮ ಯಾವತ್ತು ಕೊನೇಲಿ ಬರೆದಿದ್ಲು? ನಡುನಡುವೆ ನುಗ್ಗಿ ಏನಾದ್ರೂ ಸೇರಿಸೋಳು.”

ಮಗಳು ಅಡುಗೆಮನೆಗೆ ಹೋದಳು. ಅವನು ಕುರ್ಚಿ ಎಳೆದುಕೊಂಡು ಮೊದಲ ಸಾಲಿನಿಂದ ಓದತೊಡಗಿದ. ‘ಸೂಜಿಯ ಕೆಳಗಿನ ಬಟ್ಟೆಯನ್ನು ಎಳೆಯಬೇಡಿ. ಕೈ ಇಟ್ಟುಕೊಂಡಿರಿ, ಅದು ತಾನಾಗಿಯೇ ಬರುತ್ತದೆ.’ ಅಲ್ಲಿಂದ ಮುಂದಕ್ಕೆ ಅವನ ಕಣ್ಣು ಹೋಗಲಿಲ್ಲ. ಅಷ್ಟು ಹೊತ್ತು ಯಾರೂ ಮುಟ್ಟದ್ದರಿಂದ ಪರದೆ ಮಂಕಾಗಿ, ಕಂಪ್ಯೂಟರು ನಿದ್ದೆಗೆ ಜಾರಿತು. ಅವನು ಬೆರಳಿಟ್ಟ. ಎದ್ದಿತು. ಅದೇ ಸಾಲಿನಲ್ಲಿ.