ಚೌಡಪ್ಪನ ಮಗಳು, ನಮ್ಮನೆಯವರ ಕಾರು

ಜಗದಾಂಬಾ ಎನ್ನುವ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ತೊಂಬತ್ತೆಂಟನೇ ಇಸವಿ, ಶ್ರಾವಣದ ಒಂದು ಸೋಮವಾರ. ಪೂಜೆ ಮುಗಿಸಿ ಹೊರಗೆ ಬಂದರೆ ಮೈದುನ ಚಂದ್ರಶೇಖರಪ್ಪ ಕಟ್ಟೆಯ ಮೇಲೆ ಕೂತು ನಗುತ್ತಿದ್ದ.

"ಅತ್ತಿಗೆ, ಅಣ್ಣನ ಕಾರು ನ್ಯೂ ಟೌನಲ್ಲಿ ಓಡಾಡ್ತಿದೆ, ಗೊತ್ತಾ?"

"ಗೊತ್ತು. ವಾರಕ್ಕೊಂದ್ಸಲ ಇಂಜಿನ್ ಆಡ್ಸು ಅಂತ ಚೌಡಪ್ಪನಿಗೆ ನಾನೇ ಹೇಳಿದೀನಿ."

"ಓಡಿಸ್ತಿರೋದು ಚೌಡಪ್ಪ ಅಲ್ಲ. ಅವನ ಕುಂಟು ಮಗಳು ಜಗದಾಂಬಾ. ಕಾಲಲ್ಲಿ ಆಗಲ್ಲ ಅಂತ ಕೈಯಲ್ಲಿ ಓಡಿಸ್ತಾಳೆ."

ನಮ್ಮನೆಯವರು ತೀರಿಕೊಂಡು ಆಗ ಎರಡು ವರ್ಷ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿದವರು, ಜೀವಮಾನದಲ್ಲಿ ಆಸೆಪಟ್ಟು ಕೊಂಡದ್ದು ಒಂದು ಬಿಳಿ ಫಿಯೆಟ್. ಅವರು ಹೋದ ಮೇಲೆ ಕಾರಿಗೆ ಟಾರ್ಪಾಲು ಹೊದಿಸಿ, ಅದರ ಆರ್‌ಸಿ ಪುಸ್ತಕವನ್ನು ದೇವರಮನೆಯಲ್ಲಿ ಅವರ ಫೋಟೋದ ಕೆಳಗಿಟ್ಟಿದ್ದೆ. ಸೋಮವಾರ ಸೋಮವಾರ ಫೋಟೋಕ್ಕೆ ಹಚ್ಚಿದ ಮೇಲೆ ಪುಸ್ತಕಕ್ಕೂ ವಿಭೂತಿ ಹಚ್ಚುತ್ತಿದ್ದೆ. ಅಂಗಡಿಯ ಬೋರ್ಡಿನಲ್ಲಿದ್ದ ಅವರ ಹೆಸರನ್ನು ಈ ಮೈದುನ ವರ್ಷ ತುಂಬುವ ಮೊದಲೇ ಅಳಿಸಿ ತನ್ನದನ್ನು ಬರೆಸಿಕೊಂಡಿದ್ದ. ಪುಸ್ತಕದಲ್ಲಿರುವ ಹೆಸರನ್ನಾದರೂ ಯಾರೂ ಮುಟ್ಟಬಾರದು ಎಂದು ನಾನು ಹಠ ಹಿಡಿದಿದ್ದೆ.

ಅಂಥ ಕಾರನ್ನು ಯಾವುದೋ ಹುಡುಗಿ ಓಡಿಸುವುದೆಂದರೆ ಏನು? ಪೂಜೆಯ ತಟ್ಟೆ ಹಾಗೇ ಬಿಟ್ಟು ಆಟೋ ಹಿಡಿದೆ.

ಚೌಡಪ್ಪ ಕಾರ್ಖಾನೆಯಲ್ಲಿ ಫಿಟ್ಟರ್, ನಮ್ಮ ಕಾರಿನ ರಿಪೇರಿಯೆಲ್ಲ ಅವನದೇ, ಕೀಲಿಯೂ ಅವನ ಹತ್ತಿರವೇ ಇತ್ತು. ಅವನ ಕ್ವಾರ್ಟರ್ಸಿನ ಮುಂದೆ ಕಾರು ನಿಂತಿತ್ತು. ಇಣುಕಿದರೆ ಕ್ಲಚ್ಚಿಗೆ ಬಿಗಿದ ಒಂದು ಸರಳು ಡ್ರೈವರ್ ಬಾಗಿಲ ಪಕ್ಕದಲ್ಲಿ ಮೇಲೆದ್ದಿದೆ, ಅದರ ಹಿಡಿಗೆ ಸೈಕಲ್ಲಿನ ರಬ್ಬರು.

"ಯಾರನ್ನ ಕೇಳಿ ಇದನ್ನ ಹಾಕ್ದೆ?" ಎಂದೆ. ಮಾತಾಡಿದ್ದು ಮಗಳು. ಹದಿನೇಳರ ಹುಡುಗಿ, ಪೋಲಿಯೋದಿಂದ ಬತ್ತಿದ ಎಡಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದ ಬೂಟು.

"ಅಪ್ಪನ್ನ ಬಯ್ಬೇಡಿ ಅಮ್ಮ. ಕೇಳಿದ್ರೆ ನೀವು ಬೇಡ ಅಂತಿದ್ರಿ. ಅದಕ್ಕೇ ಕೇಳ್ಲಿಲ್ಲ."

ಇಂಥ ಉತ್ತರ ಕೊಟ್ಟವರ ಕೆನ್ನೆಗೆ ಬಿಡಬೇಕು. "ಕುಂಟಿಗ್ಯಾಕೆ ಕಾರು? ಬಿಚ್ಚಿ ಅದನ್ನ" ಎಂದೆ.

"ಬಿಚ್ತೀವಿ. ನಿಮ್ಮ ಆಟೋ ಹೊರಟೋಯ್ತಲ್ಲ, ಮನೆಗೆ ಬಿಟ್ಟು ಬಂದು ಬಿಚ್ತೀವಿ. ಹತ್ತಿ."

ನಾನು ಹಿಂದಿನ ಬಾಗಿಲಿಗೆ ಕೈ ಹಾಕಿದೆ. ಮೊದಲಿಂದಲೂ ಮುಂದೆ ಮೈದುನ, ಹಿಂದೆ ನಾನು ಮತ್ತು ಬುತ್ತಿ.

"ಮುಂದೆ ಕೂತ್ಕೊಳ್ಳಿ. ನಾನೇನು ನಿಮ್ಮ ಡ್ರೈವರಾ?"

ಬಲಗೈಯಲ್ಲಿ ಸರಳು ಎಳೆಯುವಳು, ಎಡಗೈಯಲ್ಲಿ ಗೇರು ಹಾಕುವಳು. "ಈಗ ಸ್ಟೇರಿಂಗ್ ಯಾರು ಹಿಡ್ಕೊಂಡಿದಾರೆ?" ಎಂದು ಕೇಳಿದೆ.

"ಶಿವ."

ಭದ್ರಾ ಸೇತುವೆಯ ಮೇಲೂ ಎರಡು ಸಲ ಶಿವನೇ ಹಿಡಿದ. ಮನೆ ಬರುವವರೆಗೂ ಬೈದೆ. ಮುಂದಿನ ವಾರ ಬಿಚ್ಚಿಸಿದರಾಯಿತು ಎಂದುಕೊಂಡೆ. ಮುಂದಿನ ವಾರ ಅವಳೇ ಬಂದು ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಹಾಗೇ ವರ್ಷ ಕಳೆಯಿತು. ಬಿಚ್ಚಿಸಲಿಲ್ಲ, ಬೈಯುವುದನ್ನೂ ಬಿಡಲಿಲ್ಲ.

ಪಿಯುಸಿ ಮುಗಿಸಿದವಳಿಗೆ ಪುಣೆಯಲ್ಲಿ ಐದು ವರ್ಷದ ಲಾ ಓದಲು ಸೀಟು ಸಿಕ್ಕಿತು. ಹಾಸ್ಟೆಲ್ ಒಂದು ಕಡೆ, ಕಾಲೇಜು ಒಂದು ಕಡೆ, ನಡುವೆ ಎರಡು ಸಿಟಿ ಬಸ್ಸು. ನೋಡಿ ಬಂದ ಚೌಡಪ್ಪ, "ಬಸ್ಸು ಪೂರ್ತಿ ನಿಲ್ಸೋದೇ ಇಲ್ಲ ಕಲ್ಲಮ್ಮನೋರೆ, ಓಡಿ ಹತ್ಬೇಕು" ಎಂದು ಮುಖ ಮುಚ್ಚಿಕೊಂಡ. ಮಗಳು ನೆಟ್ಟಗೆ ಕೇಳಿದಳು.

"ಅಮ್ಮ, ಕಾರನ್ನ ಪುಣೆಗೆ ಕೊಡ್ತೀರಾ?"

"ಕೇಳಿದ್ರೆ ಬೇಡ ಅಂತೀನಿ ಅಂತ ನೀನೇ ಹೇಳಿದ್ದೆಯಲ್ಲ."

"ಅದಕ್ಕೇ ಈ ಸಲ ಕೇಳ್ತಿರೋದು. ಬೇಡ ಅನ್ನೋದಾದ್ರೆ ನೀವೇ ಅನ್ಬೇಕು, ಬೇರೆ ಯಾರೂ ಅಲ್ಲ."

ಅನ್ನಲು ಬೇರೆಯವನು ಸಿದ್ಧನಾಗಿಯೇ ಇದ್ದ. ಸುದ್ದಿ ತಿಳಿದು ಚಂದ್ರಶೇಖರಪ್ಪ ಬಂದು ಕೂತ. "ಬೇರೆ ರಾಜ್ಯ ಅತ್ತಿಗೆ. ನಮ್ಮ ನಂಬರ್ ಕಂಡ್ರೆ ಸರ್ಕಲ್ ಸರ್ಕಲಲ್ಲೂ ಪೊಲೀಸ್ ಹಿಡೀತಾನೆ. ಆರ್‌ಟಿಓದಿಂದ ಎನ್‌ಓಸಿ ಬೇಕು, ಅದಕ್ಕೆ ಮಾಲೀಕರ ಸಹಿ ಬೇಕು. ಅಣ್ಣನ್ನ ಎಲ್ಲಿಂದ ಕರೆಸ್ತೀರಿ? ನನ್ನ ಹೆಸರಿಗೆ ಮಾಡ್ಸಿ, ಮಾರಿಬಿಡೋಣ. ಕುಂಟಿಗ್ಯಾಕೆ ಕಾರು, ಕುಂಟಿಗ್ಯಾಕೆ ಲಾ?"

ಒಂದು ವರ್ಷದ ಹಿಂದೆ ನಾನೇ ಆಡಿದ ಮಾತು. ಅವನ ಬಾಯಲ್ಲಿ ಕೇಳಿದಾಗ ಅದು ಎಷ್ಟು ಹೊಲಸು ಎಂದು ತಿಳಿಯಿತು. ಎದ್ದು ಹೋಗಿ ಫೋಟೋದ ಕೆಳಗಿನ ಪುಸ್ತಕ ತೆಗೆದು, ಅವನ ಕಣ್ಣೆದುರೇ ಸೆರಗಿನಿಂದ ವಿಭೂತಿ ಒರೆಸಿದೆ. "ಬೋರ್ಡು ಸಾಲ್ದೇನೋ ನಿನಗೆ?" ಎಂದೆ. ಆಮೇಲೆ ಅವನು ಕಾಫಿಗೂ ಕಾಯಲಿಲ್ಲ.

ಶಿವಮೊಗ್ಗದ ಆರ್‌ಟಿಓ ಆಫೀಸಿನ ಕಿಟಕಿಯಲ್ಲಿ ಗುಮಾಸ್ತ, "ಮಾಲೀಕರ ಹೆಸರೇನಮ್ಮ?" ಎಂದ. ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ ನಾನು. ಪುಸ್ತಕ ಮುಂದೆ ತಳ್ಳಿದೆ. "ಬಾಯಲ್ಲಿ ಹೇಳಿ, ಕ್ಯೂ ಇದೆ" ಎಂದ. ಜಗದಾಂಬಾಳ ಕಡೆ ತಿರುಗಿದೆ, ನೀನಾದರೂ ಹೇಳು ಎಂದು.

"ನೀವೇ ಹೇಳಿ ಅಮ್ಮ. ನಾನು ಹೇಳಿದ್ರೆ ನನ್ನ ಗಂಡ ಅಂದ್ಕೋತಾರೆ."

ಕ್ಯೂನಲ್ಲಿದ್ದವರು ನಕ್ಕರು. ಸಿಟ್ಟಿನಲ್ಲೇ ಹೇಳಿದೆ, "ಶಿವಯೋಗಪ್ಪ."

"ಇನ್ಮುಂದೆ ಯಾರ ಹೆಸರಿಗೆ?"

"ಕಲ್ಲಮ್ಮ. ನಾನೇ."

ಮರಣದ ಸರ್ಟಿಫಿಕೇಟು, ಫೋಟೋ, ಸಹಿ ಎಂದು ಮೂರು ಸಲ ಅಲೆದು, ಒಂದೂವರೆ ತಿಂಗಳಿಗೆ ಪುಸ್ತಕ ನನ್ನ ಹೆಸರಿಗೆ ಬಂತು. ಇನ್ನು ಎನ್‌ಓಸಿ ಒಂದೇ ಬಾಕಿ ಎಂದು ನಾವು ಮೂವರೂ ಕಾರಲ್ಲೇ ಹೋದೆವು. ಆಫೀಸಿನ ಹೊರಗೆ ಮರದಡಿ ಕೂತು ಅರ್ಜಿ ತುಂಬಿಕೊಡುವ ಏಜೆಂಟ್ ಮಲ್ಲಿಕ್ ಕಾರಿನೊಳಗೆ ಬಗ್ಗಿ ನೋಡಿ, "ಈ ಸರಳು ಯಾವ ಕಂಪನಿದು?" ಎಂದ.

"ನಂದು" ಎಂದ ಚೌಡಪ್ಪ.

"ಹಾಗಿದ್ರೆ ಪುಸ್ತಕದಲ್ಲಿಲ್ಲ, ಕಂಪನಿ ಸರ್ಟಿಫಿಕೇಟಿಲ್ದೆ ಸೇರಿಸೋದೂ ಇಲ್ಲ. ಪುಸ್ತಕದಲ್ಲಿಲ್ಲದ ಸರಳಿನ ಮೇಲೆ ಈಕೆಗೆ ಲೈಸೆನ್ಸ್ ಕೊಡಲ್ಲ, ಇಲ್ಲೂ ಕೊಡಲ್ಲ, ಅಲ್ಲೂ ಕೊಡಲ್ಲ."

ಭದ್ರಾವತಿಯಲ್ಲಿ ಚೌಡಪ್ಪನ ಮಗಳನ್ನು ಲೈಸೆನ್ಸ್ ಕೇಳಿದವರಿರಲಿಲ್ಲ. ಹೆಸರೊಂದೇ ತೊಡಕು ಎಂದು ನಾವೆಲ್ಲ ಹೆಸರಿನ ಹಿಂದೆಯೇ ಬಿದ್ದಿದ್ದೆವು. ನಮ್ಮ ಮುಖ ನೋಡಿ ಮಲ್ಲಿಕ್ ದನಿ ತಗ್ಗಿಸಿದ. "ಕಾರು ತೋರ್ಸೋ ದಿನ ಬಿಚ್ಚಿ, ಮಾರನೇ ದಿನ ಹಾಕ್ಕೊಳ್ಳಿ. ಲೈಸೆನ್ಸಿಲ್ದೆ ಎಷ್ಟು ಜನ ಓಡಿಸಲ್ಲ?"

"ನಾಲ್ಕು ಬೋಲ್ಟು ಅಷ್ಟೇ" ಎಂದು ಚೌಡಪ್ಪ ಅರಳಿದ. ನಾನೂ ಹೂಂ ಎಂದೆ. ಜಗದಾಂಬಾ ಕಾರಿನ ಕೀಲಿ ತೆಗೆದು ಅಪ್ಪನ ಕೈಗಿಟ್ಟಳು.

"ನೀನು ಓಡ್ಸು. ಕಾರು ಬೇಡ."

ಭದ್ರಾವತಿಯವರೆಗೂ ಜಗಳ. "ನಾನೇ ಮಾಲೀಕಳು, ನಾನೇ ಕೊಡ್ತಿದೀನಿ, ನಿನಗೇನು ದಾಡಿ?" ಎಂದೆ.

"ಅದಕ್ಕೇ ಬೇಡ. ಅಲ್ಲಿ ಯಾರಿಗಾದ್ರೂ ತಾಗಿದ್ರೆ ಪೊಲೀಸರು ಹುಡ್ಕೋದು ಪುಸ್ತಕದಲ್ಲಿರೋ ಹೆಸರನ್ನ. ನಿಮ್ಮ ಹೆಸರು ಬಂದು ಇನ್ನೂ ಹದಿನೈದು ದಿನ ಆಗಿಲ್ಲ ಅಮ್ಮ."

"ಬರ್ಲಿ, ನಾನು ನೋಡ್ಕೋತೀನಿ."

"ಕದ್ದು ಓಡ್ಸಿಕೊಂಡು ಹೋಗಿ ಕಾನೂನು ಓದ್ಲಾ?"

"ನಿನಗೋಸ್ಕರ ಗಂಡನ ಹೆಸರು ಅಳಿಸ್ದೆನಲ್ಲೇ, ಮಾರಾಯ್ತಿ."

"ನನಗೋಸ್ಕರ ಅಳಿಸಿದ್ರೆ ತಪ್ಪು ಮಾಡಿದ್ರಿ" ಎಂದಳು, ಕಿಟಕಿಯ ಹೊರಗೆ ನೋಡುತ್ತ.

ಆ ಮಾತಿಗೆ, ಅವಳು ಹೊರಡುವವರೆಗೂ ನಾಲ್ಕು ದಿನ ಅವಳ ಜೊತೆ ಮಾತು ಬಿಟ್ಟೆ. ಓಡಿಸಬೇಡವೆಂದು ನಾನೇ ಕೂಗಾಡಿದ ಕಾರನ್ನು ಒಯ್ಯಲೊಲ್ಲೆ ಎಂದವಳ ಮೇಲೆ ಇಷ್ಟು ಕೋಪ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೈದುನನ ಮೇಲೆ ಬಂದದ್ದು ಇದರ ಮುಂದೆ ಏನೂ ಅಲ್ಲ.

ಈಗ ಅವಳು ಪುಣೆಯಲ್ಲೇ ವಕೀಲೆ. ಮೊದಲ ವರ್ಷ ಬಸ್ಸಿನಿಂದ ಎರಡು ಸಲ ಬಿದ್ದಳಂತೆ, ಗದ್ದದ ಮೇಲೆ ಗಾಯದ ಗುರುತಿದೆ. ದೀಪಾವಳಿಗೆ ಬಂದಾಗ ನನ್ನ ಮನೆಗೆ ಬರುತ್ತಾಳೆ, ಹೋಳಿಗೆ ತಿನ್ನುತ್ತಾಳೆ, ನನ್ನ ಬಿಪಿ ಮಾತ್ರೆ ಎಣಿಸಿ ಬೈಯುತ್ತಾಳೆ. ಏನನ್ನೂ ಕೇಳುವುದಿಲ್ಲ. ಸರಳು ಕಾರಿನಲ್ಲಿ ಹಾಗೇ ಇದೆ. ಚಂದ್ರಶೇಖರಪ್ಪ ಪ್ರತಿ ವರ್ಷ ಕಾರು ಮಾರೋಣವೆನ್ನುತ್ತಾನೆ, ನಾನು ಪ್ರತಿ ವರ್ಷ ಅವನಿಗೆ ಹೇಳುವುದನ್ನು ಇಲ್ಲಿ ಬರೆಯುವಂತಿಲ್ಲ.

ಅವಳು ಕೊನೆಯದಾಗಿ ನನ್ನನ್ನು ಏನಾದರೂ ಕೇಳಿದ್ದು ಪುಣೆಗೆ ಹೊರಟ ದಿನ. ಚೌಡಪ್ಪ ಕಾರಿನಲ್ಲಿ ನಮ್ಮಿಬ್ಬರನ್ನೂ ಶಿವಮೊಗ್ಗದ ಬಸ್ ಸ್ಟ್ಯಾಂಡಿಗೆ ಕರೆತಂದ. ಹುಬ್ಬಳ್ಳಿ ಬಸ್ಸು, ಅಲ್ಲಿಂದ ಪುಣೆಗೆ ಇನ್ನೊಂದು. ಮೆಟ್ಟಿಲು ಅವಳ ಮೊಣಕಾಲಿಗಿಂತ ಮೇಲಿತ್ತು. ಚೌಡಪ್ಪ ಟ್ರಂಕು ಹಾಕಲು ಬಸ್ಸಿನ ಮೇಲೆ ಹತ್ತಿದ್ದ. ಕಂಡಕ್ಟರ್ ಸೀಟಿ ಊದಿದ, ಹಿಂದಿನವರು ನೂಕಿದರು. ನಾನು ಮಾತು ಬಿಟ್ಟದ್ದನ್ನು ಮರೆತು ಓಡಿ ಹೋಗಿ ಎರಡೂ ಕೈಯಲ್ಲಿ ಅವಳ ಸೊಂಟ ಹಿಡಿದು ಎತ್ತಲು ನೋಡಿದೆ.

ಅವಳು ಕಂಬಿ ಹಿಡಿದು ನಿಂತು, ಹೆಗಲಿನ ಚೀಲ ತೆಗೆದು ನನ್ನ ಮುಂದೆ ಹಿಡಿದಳು.

"ಅಮ್ಮ, ನನ್ನನ್ನ ಬಿಡಿ. ಈ ಚೀಲ ಹಿಡ್ಕೊಳ್ಳಿ, ಹತ್ತಿದ್ಮೇಲೆ ಕೊಡಿ."