ಅಕ್ಕನ ಹಿಡಿಗೆ ಎಷ್ಟು ಕಿಲೋ?

ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತಿ ಒಳಗಿಡುವವಳು ನನ್ನ ಹೆಂಡತಿ. ಆ ಹೊತ್ತಿಗೆ ಸರಿಯಾಗಿ ನನಗೆ ಜಗಲಿಯ ಮೇಲೆ ಏನಾದರೊಂದು ತುರ್ತು ಕೆಲಸ ಬಂದುಬಿಡುತ್ತದೆ. ಹೆಚ್ಚಾಗಿ ನಿನ್ನೆಯ ಪೇಪರನ್ನು ಮತ್ತೊಮ್ಮೆ ಓದುವುದು. ಸಿಲಿಂಡರ್ ತಂದವನು ರಸೀತಿಗೆ ಸಹಿ ಹಾಕಲು ಮಾತ್ರ ನನ್ನನ್ನೇ ಕರೆಯುತ್ತಾನೆ. ಪೆನ್ನು ಹಿಡಿಯುವಷ್ಟು ತ್ರಾಣ ಈ ಕೈಯಲ್ಲಿದೆ ಎಂದು ಅವನಿಗೆ ನಂಬಿಕೆ.

ಇಂಥ ನಾನು ಹೆಂಗಸರ ಬಲದ ಬಗ್ಗೆ ಬರೆಯುವುದು ಅಧಿಕಪ್ರಸಂಗವೇ ಸರಿ. ಆದರೆ ನಮ್ಮಕ್ಕ ಮಾದಮ್ಮನ ಮೊಮ್ಮಗಳು ಪವಿತ್ರ ಆ ವಿಷಯವನ್ನು ನಮ್ಮ ಜಗಲಿಗೇ ತಂದುಬಿಟ್ಟಳು. ಅವಳು ಸೇಲಂನಲ್ಲಿ ಫಿಸಿಯೋಥೆರಪಿ ಓದುತ್ತಾಳೆ. ಆರೋಗ್ಯವಾಗಿರುವ ಹೆಂಗಸರ ಸ್ನಾಯುಬಲವನ್ನು ಬೇರೆ ಬೇರೆ ರೀತಿಯಲ್ಲಿ ಅಳೆದು, ಯಾವ ಅಳತೆ ಎಷ್ಟು ನಿಜ ಹೇಳುತ್ತದೆ ಎಂದು ಹೋಲಿಸಿ ನೋಡುವುದು ಅವಳ ಕಾಲೇಜಿನ ಪ್ರಾಜೆಕ್ಟು. ಅದಕ್ಕೆ ತಮಿಳುನಾಡಿನ ಮಾರಂಡಹಳ್ಳಿ ಪಕ್ಕದ ನಮ್ಮೂರೇ ಆಗಬೇಕೆಂದು ಬಂದಳು. ಬೀದಿಯ ರತ್ನಮ್ಮ ಕೇಳಿದ್ದು ನ್ಯಾಯವಾಗಿಯೇ ಇತ್ತು: "ಕಾಯಿಲೆ ಬಿದ್ದೋರ್ನ ನೋಡಕ್ಕೇ ಯಾರೂ ಬರಲ್ಲ. ಚೆನ್ನಾಗಿರೋರ್ನ ನೋಡಕ್ಕೆ ಯಾಕ್ ಬಂದೆ ಕಣ್ಣು, ನನ್ ಚಿನ್ನ?"

ನಮ್ಮ ಕಡೆ ಗಂಡಸರ ಬಲ ಅಳೆಯಲು ಮೊದಲಿಂದಲೂ ಒಂದು ಸಾಧನವಿದೆ: ಮಾರಿಗುಡಿ ಮುಂದಿನ ಗುಂಡುಕಲ್ಲು. ಪೊಂಗಲ್ ಬಂದಾಗ ಹುಡುಗರು ಅದನ್ನು ಹೆಗಲಿಗೇರಿಸಿ ಹಿಂದಕ್ಕೆ ಎಸೆಯುತ್ತಾರೆ. ಒಂದು ಕಾಲಕ್ಕೆ ಕಲ್ಲು ಎತ್ತಿದವನಿಗೇ ಹೆಣ್ಣು ಕೊಡುತ್ತಿದ್ದರಂತೆ. ಆ ಕಾಲ ಮುಗಿದ ಮೇಲೆ ಹುಟ್ಟಿದ್ದು ನನ್ನ ಪುಣ್ಯ. ಹೆಂಗಸರಿಗೂ ಕಲ್ಲು ಇತ್ತು, ಆದರೆ ಅದು ಮನೆಯೊಳಗಿತ್ತು, ರಾಗಿ ಬೀಸುವ ಕಲ್ಲು. ವರ್ಷಕ್ಕೊಂದು ದಿನವಲ್ಲ, ದಿನಾ ತಿರುಗಿಸಬೇಕು. ಚಪ್ಪಾಳೆ ತಟ್ಟುವವರಿಲ್ಲ, ಹಿಟ್ಟು ತರಿಯಾದರೆ ಮಾತ್ರ ನಾಲ್ಕು ಮಾತು ಕೇಳಿಬರುತ್ತಿತ್ತು. ಬಲ, ಕಸುವು, ತ್ರಾಣ, ತಾಕತ್ತು ಎಂದು ನಮ್ಮ ಭಾಷೆಯಲ್ಲಿ ಎಷ್ಟು ಮಾತುಗಳಿವೆ ನೋಡಿ. ಹೆಂಗಸೊಬ್ಬಳನ್ನು ನಾವು ಗಟ್ಟಿಗಿತ್ತಿ ಎನ್ನುವುದು ಮಾತ್ರ ಅವಳು ನಮ್ಮ ಜೊತೆ ಜಗಳವಾಡಿ ಗೆದ್ದ ಮೇಲೆ.

ಅಕ್ಕನ ಮನೆಯಲ್ಲಿ ಆಗ ಒಂದು ವ್ಯಾಜ್ಯ ನಡೆದಿತ್ತು. ಅವಳದೊಂದು ಹಸು, ಕೆಂಪಿ. ಎರಡು ಹೊತ್ತೂ ಕರೆಯುವವಳು ಅವಳೇ. ಒಂದು ದಿನ ಹಾಲಿನ ತಂಬಿಗೆ ಅವಳ ಕೈಜಾರಿ ಬಿತ್ತು. ಅಂದಿನಿಂದ ಮಗ ಕುಮಾರನದು ಒಂದೇ ಹಾಡು: "ಅವ್ವನ ಕೈನಾಗೆ ತ್ರಾಣ ಇಲ್ಲ. ಹಸು ಮಾರ್ಬುಡಾನ." ಅವನು ಕೆಟ್ಟವನಲ್ಲ, ತಾಯಿ ಈ ವಯಸ್ಸಿನಲ್ಲಿ ಕಷ್ಟಪಡಬಾರದೆಂದು ಅವನ ಆಸೆ. ಆದರೆ ಕೆಂಪಿ ಹೋದರೆ ಅಕ್ಕನಿಗೆ ಬೆಳಿಗ್ಗೆ ಎದ್ದು ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಗಂಡ ತೀರಿಕೊಂಡ ವಾರವೂ ಅವಳನ್ನು ಹಾಸಿಗೆಯಿಂದ ಎಬ್ಬಿಸಿದ್ದು ಆ ಕೊಟ್ಟಿಗೆಯ ಕೂಗೇ.

ನಡುವೆ ಬಾಯಿ ಹಾಕಿದವನು ನಾನು. ಮೆಟ್ಟೂರಿನ ವಿದ್ಯುತ್ ಸ್ಥಾವರದಲ್ಲಿ ಮೀಟರಿನ ಮುಳ್ಳು ನೋಡಿ ಪುಸ್ತಕದಲ್ಲಿ ಬರೆಯುತ್ತಲೇ ಆಯುಸ್ಸು ಕಳೆದವನು. ನನಗೆ ಮುಳ್ಳು ಹೇಳಿದ್ದೇ ವೇದವಾಕ್ಯ. "ಪವಿತ್ರ ಹೇಗೂ ಮಿಷಿನ್ ತರ್ತಾಳೆ. ಅದು ಏನು ಹೇಳ್ತದೋ ಅದೇ ತೀರ್ಪು" ಎಂದೆ. ತಾಯಿ ಮಗ ಇಬ್ಬರೂ ಒಪ್ಪಿದರು.

ಭಾನುವಾರ ಹತ್ತು ಹನ್ನೆರಡು ಹೆಂಗಸರು ನಮ್ಮ ಜಗಲಿಯಲ್ಲಿ ಸೇರಿದರು. ಮೊದಲನೆಯ ಪದ್ಧತಿಯಲ್ಲಿ ಯಂತ್ರವೇ ಇಲ್ಲ. ಪವಿತ್ರ ತನ್ನ ಕೈಯಿಂದ ಅವರ ತೋಳನ್ನು ಒತ್ತುವುದು, ಅವರು ಬಗ್ಗದೆ ತಡೆಯುವುದು, ಐದಕ್ಕೆ ಎಷ್ಟು ಎಂದು ಅಂಕ ಕೊಡುವುದು. ಒತ್ತಿ ಒತ್ತಿ ಅವಳ ಮುಖ ಕೆಂಪಾಯಿತೇ ಹೊರತು ಒಂದು ತೋಳೂ ಅಲ್ಲಾಡಲಿಲ್ಲ. "ಹಾಸ್ಟೆಲ್ನಾಗೆ ಊಟ ಸರಿಯಾಗಿ ಆಕಲ್ವಾ?" ಎಂದು ಅಕ್ಕ ಮರುಗಿದಳು. ಎಲ್ಲರಿಗೂ ಐದಕ್ಕೆ ಐದು. ಎರಡನೆಯದು ಅರ್ಧ ನಿಮಿಷದಲ್ಲಿ ಎಷ್ಟು ಸಲ ಕುರ್ಚಿಯಿಂದ ಎದ್ದು ಕೂರುತ್ತಾರೆಂದು ಎಣಿಸುವುದು. ಊರ ಹಿರಿಯನಾದ ನಾನು ನಿಂತಿರುವಾಗ ಒಬ್ಬಳೂ ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲ. ವಿಜ್ಞಾನದ ಹಿತಕ್ಕಾಗಿ ನಾನು ಒಳಗೆ ಹೋಗಿ ನಿಂತೆ.

ಮೂರನೆಯದಕ್ಕೆ ಮತ್ತೆ ಹೊರಗೆ ಬಂದೆ. ಅದು ಹಿಡಿತ ಅಳೆಯುವ ಮಿಷಿನ್. ಹಿಡಿಯಲ್ಲಿಟ್ಟು ಹಿಸುಕಿದರೆ ಎಷ್ಟು ಕಿಲೋ ಬಲವೆಂದು ಅಂಕಿ ಮೂಡುತ್ತದೆ. ಪವಿತ್ರ ಕಾಲೇಜಿನ ಅಭ್ಯಾಸದಂತೆ ತಮಿಳಿನಲ್ಲಿ "ನಲ್ಲಾ ಪುಡಿಂಗಮ್ಮಾ" ಎಂದು ಒಬ್ಬೊಬ್ಬರಿಗೂ ಹೇಳಿದಳು. ಗಟ್ಟಿಯಾಗಿ ಹಿಡಿಯಿರಿ ಎಂದು ಎಲ್ಲರಿಗೂ ಅರ್ಥವಾಯಿತು, ಎಲ್ಲರೂ ತಲೆಯಾಡಿಸಿದರು. ಬಂದ ಅಂಕಿಗಳು ಮಾತ್ರ ಒಂಬತ್ತು, ಹತ್ತು, ಹನ್ನೆರಡು. ಅಕ್ಕನದು ಎಂಟು. "ನಮ್ ಹಾಸ್ಟೆಲ್ ಹುಡುಗೀರ್ಗೇ ಇಪ್ಪತ್ತರ ಮೇಲೆ ಬರ್ತದೆ ತಾತಾ" ಎಂದು ಪವಿತ್ರ ಹುಬ್ಬು ಗಂಟಿಕ್ಕಿದಳು. ಕೈಯಿಂದ ಒತ್ತಿದರೆ ಭೀಮನ ಮಕ್ಕಳು, ಮಿಷಿನ್ನಿನಲ್ಲಿ ಹಸುಗೂಸುಗಳು. ಕುಮಾರ ನನ್ನ ಮುಖ ನೋಡಿದ. ಮುಳ್ಳಿನ ಭಕ್ತನಾದ ನಾನು ತಲೆ ತಗ್ಗಿಸಿದೆ. ಅವನು ಬೀದಿಯ ತುದಿಗೆ ಹೋಗಿ ದನದ ದಲ್ಲಾಳಿಗೆ ಫೋನು ಮಾಡಿದ.

ಸಾಯಂಕಾಲ ಅಕ್ಕ ಮಜ್ಜಿಗೆ ಹಿಡಿದು ನಮ್ಮ ಮನೆಗೆ ಬಂದಳು. ಮುಖದಲ್ಲಿ ಹಬ್ಬದ ಕಳೆ. "ನಂದು ಎಂಟೇ ಬಂತು ನೋಡ್ದಾ ತಮ್ಮಾ? ಇಡೀ ಬೀದಿಗೇ ನಂದೇ ಕಮ್ಮಿ. ರತ್ನಂಗೆ ಹನ್ನೆರಡು, ಪಾಪ. ಉಪ್ಪು ಬುಡು ಅಂದೆ."

ಆಗ ನನಗೆ ಹೊಳೆಯಿತು. ನಮ್ಮೂರಿಗೆ ತಿಂಗಳಿಗೊಮ್ಮೆ ನರ್ಸಮ್ಮ ಬರುತ್ತಾಳೆ. ಬೀಪಿ ಮಿಷಿನ್ನಿನಲ್ಲಿ ಅಂಕಿ ಏರಿದರೆ ಮಾತ್ರೆ, ಶುಗರ್ ಮಿಷಿನ್ನಿನಲ್ಲಿ ಏರಿದರೆ ಅನ್ನಕ್ಕೆ ಕತ್ತರಿ. ಮಿಷಿನ್ನಿನಲ್ಲಿ ಅಂಕಿ ಏರಬಾರದು ಎನ್ನುವುದು ನಮ್ಮ ಹೆಂಗಸರು ಕಷ್ಟಪಟ್ಟು ಕಲಿತ ವೈದ್ಯಶಾಸ್ತ್ರ.

"ಪವಿತ್ರ ಗಟ್ಟಿಯಾಗಿ ಹಿಡಿ ಅಂದಳಲ್ಲ?" ಎಂದೆ.

"ಅಂದ್ಲು. ಇನ್ನೂ ಓದು ಮುಗುದಿಲ್ಲ ಕಣ್ಲಾ, ಮಗಿಗೇನ್ ಗೊತ್ತಾಯ್ತದೆ? ಅದು ಜಾಸ್ತಿ ಓಗದಂಗೆ ಮೊಟ್ಟೆ ಇಡ್ಕಂಡಂಗೆ ಇಡ್ಕಂಡೆ. ಕೆಂಪಿಗೋಸ್ಕರ."

ನನಗೆ ನಗು ಬರಬೇಕಿತ್ತು, ನಾಚಿಕೆಯಾಯಿತು. ಇಷ್ಟು ವರ್ಷ ಮುಳ್ಳು ಎಲ್ಲಿ ನಿಂತಿತೆಂದು ಬರೆದುಕೊಂಡೆನೇ ಹೊರತು, ಹಿಡಿದವರು ಏನೆಂದುಕೊಂಡು ಹಿಡಿದರು ಎಂದು ಒಮ್ಮೆಯೂ ಕೇಳಲಿಲ್ಲ. ಮೀಟರಿಗೆ ಆಸೆ ಭಯಗಳಿಲ್ಲ, ಅಕ್ಕನಿಗಿದ್ದವು.

ಮರುದಿನ ಬೆಳಿಗ್ಗೆ ಪವಿತ್ರ ಓಮಲೂರು ದಾರಿಯಾಗಿ ಸೇಲಂಗೆ ಹೋಗುವ ಬಸ್ಸು ಹಿಡಿಯುವ ಮುಂಚೆ ಎಲ್ಲರನ್ನೂ ಅಕ್ಕನ ಅಂಗಳದಲ್ಲಿ ಸೇರಿಸಿ ವಿಷಯ ಹೇಳಿದೆ. ಪವಿತ್ರ ತಲೆ ಚಚ್ಚಿಕೊಂಡು ಮಿಷಿನ್ ತೆಗೆದಳು. "ಅಜ್ಜೀ, ಇದು ಬೀಪಿ ಅಲ್ಲ. ಜಾಸ್ತಿ ಬಂದ್ರೇನೇ ಒಳ್ಳೇದು. ಹಾಲು ಕರಿಯೋವಾಗ ಎಂಗೆ ಹಿಡೀತೀಯೋ ಅಂಗೇ ಹಿಡಿ."

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. ತುಟಿ ಕಚ್ಚಿ ಹಿಸುಕಿದಳು. ಇಪ್ಪತ್ತಾರು. ನಾನು ಮಗುವಿನಂತೆ ಕೂಗಿದೆ. ಕುಮಾರ ದಲ್ಲಾಳಿಗೆ ಫೋನು ಮಾಡಿ, ಬರಬೇಡ ಎಂದ.

ಎಲ್ಲಾ ಮುಗಿಯಿತೆಂದು ನಾನು ಎದ್ದೆ. ಅಕ್ಕ ಮಾತ್ರ ಕೂತೇ ಇದ್ದಳು. "ಕುಮಾರಾ, ಇನ್ಮೇಲೆ ಸಾಯಂಕಾಲದ ಹಾಲು ನೀನೇ ಕರಿ" ಎಂದಳು.

"ಈಗಷ್ಟೇ ಇಪ್ಪತ್ತಾರು ಬಂತಲ್ಲವ್ವಾ?"

"ಬಂತು. ಅದುಕ್ಕೇ ಈಗ ಹೇಳ್ತೀನಿ. ಮಣಿಕಟ್ಟು ನೋಯ್ತದೆ. ಪೊಂಗಲ್‌ಗೆ ಮುಂಚಿಂದಾನೂ ನೋಯ್ತಾ ಐತೆ. ಮೊದ್ಲೇ ಹೇಳಿದ್ರೆ ಕೆಂಪೀನ ಕಳ್ಸಿಬುಡ್ತಿದ್ರಿ. ಸಕ್ತಿ ಐತೆ ಅಂತ ಎಲ್ರುಗೂ ಗೊತ್ತಾಯ್ತಲ್ಲ, ಇನ್ನು ನೋವೈತೆ ಅಂತ ಹೇಳ್ಬೋದು."

ಪವಿತ್ರ ಪುಸ್ತಕ ತೆರೆದವಳು ಇದನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ನನ್ನನ್ನು ನೋಡಿದಳು. ಕುಮಾರ ತಾಯಿಯ ಪಕ್ಕ ಕೂತು, ಆ ಇಪ್ಪತ್ತಾರು ಕಿಲೋ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ನೀವತೊಡಗಿದ. ಅಕ್ಕ ಬೇಡವೆನ್ನಲಿಲ್ಲ.